ಕತ್ತಲಾಗದ ಊರಲ್ಲಿ ಸಹರಿ ಎಷ್ಟು ಹೊತ್ತಿಗೆ?

ಕಳೆದ ಭಾನುವಾರ ಕನ್ನಡ ಕಲಿ ತರಗತಿಯಲ್ಲಿ ಗಡಿಯಾರ ನೋಡಿ ಹೊತ್ತು ಹೇಳುವ ಪಾಠವಿತ್ತು. ಪುಟ್ಟ ಹುಡುಗಿಯೊಬ್ಬಳು ಕೈಯೆತ್ತಿ ಕೇಳಿದಳು: “ಅರಫಾ ರೋಜಾದ ದಿನ ನಮ್ಮನೇಲಿ ಎರಡೂವರೆಗೇ ಸಹರಿ ಮುಗೀತು. ಪಕ್ಕದ ಬೀದಿ ಅಂಕಲ್ ಮನೇಲಿ ಮೂರೂವರೆಗೂ ತಿಂತಾ ಇದ್ರು. ಯಾರ ಗಡಿಯಾರ ಸರಿ?” ಅರಫಾ ರೋಜಾ ಅಂದರೆ ಬಕ್ರೀದಿನ ಹಿಂದಿನ ದಿನದ ಉಪವಾಸ; ಸಹರಿ ಅಂದರೆ ರೋಜಾ ಶುರುವಾಗುವ ಫಜರ್ ಹೊತ್ತಿಗೆ ಮೊದಲೇ ಮುಗಿಸಬೇಕಾದ ಊಟ. ಪತ್ರಿಕೆ ಇವತ್ತು ರಾತ್ರಿಯೇ ಅಚ್ಚಿಗೆ ಹೋಗಬೇಕು. ಬೇಸಿಗೆ ಸಂಚಿಕೆಗೆಂದು ಇಟ್ಟುಕೊಂಡಿದ್ದ ವಿಷಯ ಬದಿಗಿರಲಿ, ಆ ಮಗುವಿಗೆ ಉತ್ತರ ಕೊಡೋಣ.

ಉತ್ತರ ಈ ತಿಂಗಳೇ ಬೇಕು. ಹಿಜರಿ 1448ರ ಮೊಹರಂನ ಹತ್ತನೇ ದಿನ, ಆಶೂರಾ, ಚಂದ್ರ ಕಂಡಂತೆ ಜೂನ್ 25 ಅಥವಾ 26ಕ್ಕೆ ಬೀಳುತ್ತದೆ. ಊರಲ್ಲಾಗಿದ್ದರೆ ಮುದಗಲ್ಲಿನ ಅಲಾಯಿ ಕುಣಿಯ ಸುತ್ತ ಹಲಗೆ ಸದ್ದು ಶುರುವಾಗುವ ಹೊತ್ತು. ಇಲ್ಲಿ ಗ್ಲಾಸ್ಗೋದಲ್ಲಿ ಅದು ವರ್ಷದ ಅತಿ ಉದ್ದದ ಹಗಲಿನ ವಾರ. ಸುನ್ನಿಗಳಲ್ಲಿ ರೋಜಾ ಹಿಡಿಯುವವರು ಹತ್ತರ ಜೊತೆ ಒಂಬತ್ತನ್ನೋ ಹನ್ನೊಂದನ್ನೋ ಸೇರಿಸಿ ಎರಡು ದಿನ ಹಿಡಿಯುತ್ತಾರೆ. ಆಶೂರಾ 26ಕ್ಕೆ ಬಂದರೆ ಹನ್ನೊಂದು ಅಂದರೆ ಶನಿವಾರ 27, ನಮ್ಮ ಬೇಸಿಗೆ ಪಿಕ್‌ನಿಕ್ಕಿನ ದಿನವೇ. ಶಿಯಾ ಕುಟುಂಬಗಳಿಗೆ ಆಶೂರಾ ಶೋಕದ ದಿನ. ಶಿಯಾಗಳೇ ಹೆಚ್ಚಿರುವ ಅಲಿಪುರದ ಕಡೆಯವರು ನಮ್ಮ ನಡುವೆಯೂ ಇದ್ದಾರೆ. ಆ ಎರಡು ದಿನ ಹಾಡು-ಕುಣಿತದ ಅಭ್ಯಾಸಕ್ಕೆ ಅವರನ್ನು ಕರೆಯಬೇಡಿ.

ಮೊದಲು ತಕರಾರಿಲ್ಲದ್ದನ್ನು ಹೇಳಿಬಿಡೋಣ. ಜೂನ್ ಕೊನೆಯಲ್ಲಿ ಗ್ಲಾಸ್ಗೋದಲ್ಲಿ ಸೂರ್ಯೋದಯ ಸುಮಾರು 4:31, ನಡುಹಗಲು 1:19, ಸೂರ್ಯಾಸ್ತ 10:06. ಜುಹರ್ (ಮಧ್ಯಾಹ್ನದ ನಮಾಜ್) ಮತ್ತು ಸುನ್ನಿಗಳ ಮಗ್ರಿಬ್ (ಸೂರ್ಯ ಮುಳುಗಿದಾಗಿನ ನಮಾಜ್, ರೋಜಾ ಬಿಡುವ ಹೊತ್ತು) ಇವುಗಳಿಂದಲೇ ಬರುವುದರಿಂದ ಯಾವ ಪಟ್ಟಿಯಲ್ಲೂ ಒಂದೆರಡು ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸ ಬಾರದು. ಇಳಿಹೊತ್ತಿನ ನಮಾಜಾದ ಅಸರ್, ಶಾಫಿ ಮತ್ತು ಹನಫಿ ಎಂಬ ಸುನ್ನಿ ಪಂಥಗಳಿಗೆ ತಕ್ಕಂತೆ ಎರಡು ಬಗೆ. ನಡುಹಗಲಿನ ನೆರಳನ್ನು ಕಳೆದು, ವಸ್ತುವಿನ ನೆರಳು ಅದರ ಎತ್ತರದಷ್ಟಾದಾಗ ಶಾಫಿಗಳ ಅಸರ್, ಎರಡರಷ್ಟಾದಾಗ ಹನಫಿಗಳದು. ಭಟ್ಕಳದ ನವಾಯತರು, ಮಂಗಳೂರಿನ ಬ್ಯಾರಿಗಳು ಶಾಫಿ. ಬೆಂಗಳೂರು, ಮೈಸೂರು, ಕಲಬುರಗಿ ಕಡೆಯವರು ಹೆಚ್ಚಾಗಿ ಹನಫಿ. ಇಲ್ಲಿ ಶಾಫಿ ಅಸರ್ 5:51ಕ್ಕೆ, ಹನಫಿ ಅಸರ್ 7:08ಕ್ಕೆ. ಈ ಅಂತರ ಊರಲ್ಲೂ ಒಂದು ಗಂಟೆಗಿಂತ ತುಸು ಹೆಚ್ಚೇ ಇರುವುದರಿಂದ ಇದು ನಮಗೆ ಹೊಸದೇನಲ್ಲ.

ತೊಡಕಿರುವುದು ಬೆಳಗಿನ ಫಜರ್ ಮತ್ತು ರಾತ್ರಿಯ ಇಶಾ ನಮಾಜಿನಲ್ಲಿ. ಇವೆರಡಕ್ಕೂ ಗುರುತು ಆಕಾಶದ ಬೆಳಕು: ಪೂರ್ವದಲ್ಲಿ ಅಡ್ಡಕ್ಕೆ ಹರಡುವ ಮೊದಲ ಬಿಳುಪಿಗೆ ಫಜರ್, ಪಶ್ಚಿಮದ ಸಂಜೆಗೆಂಪು (ಅಬೂ ಹನೀಫಾರ ಮತದಲ್ಲಿ ಅದರ ನಂತರದ ಬಿಳುಪು) ಅಳಿದಾಗ ಇಶಾ. ಲೆಕ್ಕಕ್ಕಾಗಿ ಇದನ್ನು ಸೂರ್ಯ ದಿಗಂತದಿಂದ ಎಷ್ಟು ಡಿಗ್ರಿ ಕೆಳಗಿದ್ದಾನೆ ಎಂದು ಅಳೆಯುತ್ತಾರೆ. ಕರಾಚಿ ಪದ್ಧತಿಯಲ್ಲಿ ಎರಡಕ್ಕೂ 18, ವಿಶ್ವ ಮುಸ್ಲಿಂ ಲೀಗಿನದು 18 ಮತ್ತು 17, ಉತ್ತರ ಅಮೆರಿಕದಲ್ಲಿ 15, ಫ್ರಾನ್ಸಿನ ಒಂದು ಪದ್ಧತಿಯಲ್ಲಿ 12. ಬೆಂಗಳೂರಲ್ಲಿ ಸೂರ್ಯ ನೇರ ಕೆಳಗಿಳಿಯುತ್ತಾನೆ; ಜೂನಿನಲ್ಲಿ 6:48ಕ್ಕೆ ಮುಳುಗಿದರೆ ಎಂಟು ಗಂಟೆ ದಾಟುವಷ್ಟರಲ್ಲಿ 18 ಡಿಗ್ರಿ ತಲುಪಿರುತ್ತಾನೆ. ಇಲ್ಲಿ ಓರೆಯಾಗಿ ಜಾರಿ, ದಿಗಂತದ ಅಂಚಿಗೇ ಸವರಿಕೊಂಡು ಮತ್ತೆ ಏಳುತ್ತಾನೆ. ಎಷ್ಟು ಆಳ ಹೋಗುತ್ತಾನೆಂದು ಮಕ್ಕಳೂ ಲೆಕ್ಕ ಹಾಕಬಹುದು: 90ರಲ್ಲಿ ಊರಿನ ಅಕ್ಷಾಂಶ ಕಳೆಯಿರಿ, ಆಮೇಲೆ ಜೂನ್ 21ರ ಸೂರ್ಯನ ಕ್ರಾಂತಿ (ಸಮಭಾಜಕದಿಂದ ಎಷ್ಟು ಡಿಗ್ರಿ ಉತ್ತರಕ್ಕಿದ್ದಾನೆ ಎಂಬುದು) 23.4 ಕಳೆಯಿರಿ. ಗ್ಲಾಸ್ಗೋದ ಅಕ್ಷಾಂಶ 55.9. ಉಳಿಯುವುದು 10.7. ನಡುರಾತ್ರಿಯಲ್ಲೂ ಅಷ್ಟೇ ಆಳ. 18 ಹಾಗಿರಲಿ, 12 ಕೂಡ ಸಿಗುವುದಿಲ್ಲ. ಮೇ ಮೊದಲ ವಾರದಿಂದ ಆಗಸ್ಟ್ ಮೊದಲ ವಾರದವರೆಗೆ ಇಲ್ಲಿ 18 ಡಿಗ್ರಿಯ ಕತ್ತಲೆಯೇ ಇಲ್ಲ. ಅದಕ್ಕೇ ಉತ್ತರದ ಕಿಟಕಿಯ ಪರದೆ ಎಷ್ಟು ಎಳೆದರೂ ಮಕ್ಕಳು ಮಲಗುವುದಿಲ್ಲ.

ಈ ಪ್ರಶ್ನೆಗೆ ಸಾವಿರ ವರ್ಷ ದಾಟಿದೆ. 922ರಲ್ಲಿ ಬಾಗ್ದಾದಿನ ಖಲೀಫರ ದೂತರ ಜೊತೆ ಇಬ್ನ್ ಫದ್ಲಾನ್ ವೋಲ್ಗಾ ನದಿ ತೀರದ ಬುಲ್ಗಾರರ ದೊರೆಯ ಬಳಿಗೆ ಹೋದ. ಆ ನಾಡು ಸುಮಾರು 55 ಡಿಗ್ರಿಯಲ್ಲಿದೆ, ಹೆಚ್ಚುಕಡಿಮೆ ನಮ್ಮ ಅಕ್ಷಾಂಶವೇ. ದೊರೆಯ ದರ್ಜಿ ಬಾಗ್ದಾದಿನವನು. ದೂರದ ನಾಡಿನಲ್ಲಿ ಊರಿನವರು ಸಿಕ್ಕರೆ ಮಾತು ಎಲ್ಲಿ ಮುಗಿಯುತ್ತದೆ, ಇಬ್ಬರೂ ಗುಡಾರದೊಳಗೆ ಕೂತು ಮಾತಾಡುತ್ತ ಇಶಾದ ಬಾಂಗಿಗೆ ಕಾದರು. ಬಾಂಗ್ ಕೇಳಿತು. ಹೊರಗೆ ಬಂದು ನೋಡಿದರೆ ಬೆಳಗಾಗಿದೆ! “ಯಾವ ನಮಾಜಿಗೆ ಕೂಗಿದೆ?” ಎಂದು ಇಬ್ನ್ ಫದ್ಲಾನ್ ಬಾಂಗ್ ಕೂಗಿದ ಮುಅಜ್ಜಿನನನ್ನು ಕೇಳಿದ. “ಫಜರಿಗೆ.” “ಹಾಗಾದರೆ ಇಶಾ?” “ಅದನ್ನು ಮಗ್ರಿಬ್ ಜೊತೆಗೇ ಮಾಡುತ್ತೇವೆ.” ಬೆಳಗಿನ ನಮಾಜ್ ತಪ್ಪೀತೆಂಬ ಭಯಕ್ಕೆ ತಾನು ಒಂದು ತಿಂಗಳಿಂದ ರಾತ್ರಿ ಮಲಗಿಲ್ಲ ಎಂದೂ ಆತ ಹೇಳಿದ. ಮಗ್ರಿಬ್ ಹೊತ್ತಿಗೆ ಒಲೆಯ ಮೇಲಿಟ್ಟ ಪಾತ್ರೆ ಬೇಯುವ ಮೊದಲೇ ಅಲ್ಲಿ ಫಜರ್ ಆಗುತ್ತಿತ್ತಂತೆ. ಇಶಾದ ಗುರುತೇ ಕಾಣದ ಕಡೆ ಆ ನಮಾಜ್ ಕಡ್ಡಾಯವೇ ಎಂದು ಹನಫಿ ಉಲೇಮಾಗಳು ಮುಂದೆ ಶತಮಾನಗಟ್ಟಲೆ ಚರ್ಚಿಸಿದರು. ಕಡ್ಡಾಯ ಎಂದವರಿಗೆ ಒಂದು ಹದೀಸ್ ಆಧಾರ. ವರ್ಷದಷ್ಟು ಉದ್ದದ ದಿನ ಬಂದಾಗ ಒಂದೇ ದಿನದ ನಮಾಜ್ ಸಾಕೇ ಎಂದು ಕೇಳಿದ್ದಕ್ಕೆ ಪ್ರವಾದಿಯವರು ಸಾಲದು, ಅಂದಾಜು ಮಾಡಿಕೊಳ್ಳಿ ಎಂದರು.

ಆ ಅಂದಾಜು ಮಾಡುವ ದಾರಿಗಳೇ ಬೇರೆಬೇರೆ. ನಮ್ಮ ರಾತ್ರಿ 10:06ರಿಂದ 4:31ರವರೆಗೆ, 385 ನಿಮಿಷ. ಇದನ್ನು ಅರ್ಧ ಮಾಡಿದರೆ ಇಶಾ, ಫಜರ್ ಎರಡೂ 1:18ಕ್ಕೇ ಬರುತ್ತವೆ; ರೋಜಾ 20 ಗಂಟೆ 48 ನಿಮಿಷ. ಏಳು ಭಾಗ ಮಾಡಿದರೆ ಒಂದು ಭಾಗ 55 ನಿಮಿಷ: ಇಶಾ 11:01, ಫಜರ್ 3:36, ರೋಜಾ ಹದಿನೆಂಟೂವರೆ ಗಂಟೆ. ಡಿಗ್ರಿಯನ್ನು 60ರಿಂದ ಭಾಗಿಸಿ ಬಂದಷ್ಟು ಪಾಲು ತೆಗೆದರೆ (18ಕ್ಕೆ ಹತ್ತರಲ್ಲಿ ಮೂರು ಪಾಲು) ಫಜರ್ 2:35, ರೋಜಾ ಹತ್ತೊಂಬತ್ತೂವರೆ. 45 ಡಿಗ್ರಿ ಅಕ್ಷಾಂಶದಲ್ಲಿ ರಾತ್ರಿಯ ಎಷ್ಟು ಪಾಲಿಗೆ ಫಜರ್ ಆಗುತ್ತದೋ ಅದೇ ಪಾಲನ್ನು ಇಲ್ಲಿಗೆ ತಂದರೂ ಹೆಚ್ಚುಕಡಿಮೆ 2:35ಕ್ಕೇ ಬರುತ್ತದೆ. ಗುರುತು ಕಂಡ ಕೊನೆಯ ದಿನದ ಸಮಯವನ್ನೇ ಬೇಸಿಗೆಯಿಡೀ ಹಿಡಿಯುವವರೂ ಇದ್ದಾರೆ. ಹುಡುಗಿಯ ಮನೆಯ ಎರಡೂವರೆ, ಅಂಕಲ್ ಮನೆಯ ಮೂರೂವರೆ ಇಲ್ಲಿಂದ ಬಂದವು.

ರೋಜಾ ಹಿಡಿಯುವ ಹೊಸಬರಿಗೆ ಹಳಬರು ಹೇಳುವ ದಾರಿ ಇದು: ಸಹರಿಯನ್ನು 2:35ಕ್ಕೆ ನಿಲ್ಲಿಸಿ, ಫಜರ್ ನಮಾಜನ್ನು 3:36 ದಾಟಿದ ಮೇಲೆ, 4:31ರೊಳಗೆ ಮಾಡಿ. ಎರಡು ಲೆಕ್ಕಕ್ಕೂ ಸರಿಹೋಗುತ್ತದೆ. ನಿಮ್ಮ ಮಸೀದಿ ನಡುರಾತ್ರಿಯ ಲೆಕ್ಕ ಹಿಡಿದಿದ್ದರೆ ಅದರಂತೆಯೇ ನಡೆಯಿರಿ. ಇಶಾಕ್ಕಾಗಿ ಅಷ್ಟು ಹೊತ್ತು ಕಾಯುವುದು ಕಷ್ಟವಾದಾಗ ಮಗ್ರಿಬ್ ಜೊತೆ ಸೇರಿಸಬಹುದೆಂದು ಯುರೋಪಿನ ಫತ್ವಾ ಮಂಡಳಿ ಹೇಳಿದೆ. ಹನಫಿಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ.

ಮೋಸ ಹೋಗುವುದು ಮೊಬೈಲಿನಲ್ಲಿ. ಊರಲ್ಲಿ ಹಾಕಿಕೊಂಡ ಆ್ಯಪ್ 18 ಡಿಗ್ರಿಯಲ್ಲೇ ಉಳಿದಿರುತ್ತದೆ. ಇಲ್ಲಿ ಉತ್ತರ ಸಿಗದೆ ಗೆರೆ ತೋರಿಸುತ್ತದೆ, ಇಲ್ಲವೇ ತನಗೆ ತೋಚಿದ ನಿಯಮಕ್ಕೆ ಸದ್ದಿಲ್ಲದೆ ಬದಲಾಗುತ್ತದೆ. 12 ಡಿಗ್ರಿ ಇಟ್ಟವರಿಗೆ ಜೂನ್ ಮೊದಲ ವಾರ ಒಂದು ದಿನ ಫಜರ್ ಒಂದೂವರೆಯ ಹತ್ತಿರ, ಮರುದಿನ ಮೂರೂವರೆ ಎಂದು ಬರುವುದುಂಟು. ಸೆಟ್ಟಿಂಗಿನಲ್ಲಿ ಮೂರು ಕಡೆ ನೋಡಿ: ಲೆಕ್ಕದ ಪದ್ಧತಿ, ‘ಹೈ ಲ್ಯಾಟಿಟ್ಯೂಡ್’ ನಿಯಮ, ಶಾಫಿಯೋ ಹನಫಿಯೋ ಎಂದು ಹೇಳುವ ಅಸರ್‌ನ ಮಝ್‌ಹಬ್. ಆಮೇಲೆ ಜೂನ್ 21ರ ಒಂದು ಸಾಲನ್ನು ನಿಮ್ಮ ಮಸೀದಿಯ ಅಚ್ಚಾದ ಪಟ್ಟಿಯೊಂದಿಗೆ ಹೋಲಿಸಿ. ಪಟ್ಟಿಯಲ್ಲಿ ‘ಇಮ್ಸಾಕ್’ ಎಂಬ ಕಾಲಂ ಇದ್ದರೆ ಅದು ಫಜರಿಗೆ ಹತ್ತು ನಿಮಿಷ ಮುಂಚಿನ ಎಚ್ಚರಿಕೆ. ಅದನ್ನೇ ಫಜರ್ ಎಂದು ನಮಾಜಿಗೆ ನಿಲ್ಲಬೇಡಿ. ಶಿಯಾ ಮನೆಗಳಿಗೆ ಇಫ್ತಾರ್ ಕಳಿಸುವವರೂ ಗಮನಿಸಿ. ಪೂರ್ವದ ಕೆಂಪು ಅಳಿದ ಮೇಲೆ ಅವರ ಮಗ್ರಿಬ್, ಸುಮಾರು 4 ಡಿಗ್ರಿಗೆ. ಬೆಂಗಳೂರಲ್ಲಿ ಅದಕ್ಕೆ 14 ನಿಮಿಷ ಸಾಕು, ಇಲ್ಲಿ 36 ನಿಮಿಷ ಬೇಕು. ಅಂದರೆ 10:42.

ಇಫ್ತಾರಿನಿಂದ ಸಹರಿಗೆ ನಾಲ್ಕೂವರೆ ಗಂಟೆಯಷ್ಟೇ. ಖರ್ಜೂರ, ನೀರು, ಗಂಜಿಯಿಂದ ಶುರುಮಾಡಿ, ನೀರನ್ನು ಆ ನಾಲ್ಕೂವರೆ ಗಂಟೆಗೂ ಹಂಚಿಕೊಳ್ಳಿ. ಕರಿದದ್ದನ್ನು ಹೊಟ್ಟೆ ತುಂಬ ತಿಂದರೆ ಎರಡು ಗಂಟೆಗೆ ಸಹರಿ ಇಳಿಯುವುದಿಲ್ಲ, ಉಪ್ಪಿನಕಾಯಿ ತಿಂದರೆ ಮಧ್ಯಾಹ್ನಕ್ಕೇ ಬಾಯಾರುತ್ತದೆ. ಸಕ್ಕರೆ ಕಾಯಿಲೆಯವರು, ಇನ್ಸುಲಿನ್ ತೆಗೆದುಕೊಳ್ಳುವವರು ಮೊದಲೇ ವೈದ್ಯರ ಬಳಿ ಮಾತಾಡಿ. ಆಶೂರಾ ರೋಜಾ ಕಡ್ಡಾಯವಲ್ಲ. ರಮ್ಜಾನಿನಲ್ಲಿ ಬಿಟ್ಟುಹೋದ ರೋಜಾಗಳನ್ನು ಡಿಸೆಂಬರಿನಲ್ಲಿ ತೀರಿಸಿಕೊಳ್ಳಿ, ಆಗ ಒಂಬತ್ತೂವರೆ ಗಂಟೆಯೊಳಗೆ ಮುಗಿಯುತ್ತದೆ. ರಮ್ಜಾನ್ ಮತ್ತೆ ಜೂನ್ ಕೊನೆಗೆ ಬರುವುದು 2047ರ ಸುಮಾರಿಗೆ. ಈ ತರಗತಿಯ ಮಕ್ಕಳು ಆಗ ತಮ್ಮ ಮಕ್ಕಳಿಗೆ ಇದನ್ನೇ ವಿವರಿಸಬೇಕಾಗುತ್ತದೆ.

ಇನ್ನು ಸೂಚನೆಗಳು, ಜಾಗ ಕಡಿಮೆ ಇದೆ. ಬೇಸಿಗೆ ಪಿಕ್‌ನಿಕ್ ಶನಿವಾರ ಜೂನ್ 27, ಬೆಳಿಗ್ಗೆ 11ರಿಂದ ಸಂಜೆ 6. ಹಗ್ಗಜಗ್ಗಾಟ 1:30ಕ್ಕೆ ಇತ್ತು, 2ಕ್ಕೆ ಹಾಕಿದ್ದೇವೆ. ಜುಹರಿಗೆ ಅರ್ಧ ಗಂಟೆ ಬಿಡುವು. ವುಜೂಗೆ (ನಮಾಜಿಗೆ ಮುಂಚೆ ಕೈಕಾಲು ಮುಖ ತೊಳೆಯಲು) ನಲ್ಲಿ ಶೌಚಾಲಯದ ಹಿಂಬದಿ. ಊರಿಂದ ಬಂದ ಹಿರಿಯರು ರೂಢಿಯಂತೆ ಪಶ್ಚಿಮಕ್ಕೆ ನಿಲ್ಲುತ್ತಾರೆ, ಇಲ್ಲಿ ಕಿಬ್ಲಾ (ನಮಾಜಿಗೆ ಮುಖ ಮಾಡುವ ಮಕ್ಕಾದ ದಿಕ್ಕು) ಆಗ್ನೇಯಕ್ಕೆ, ದಿಕ್ಸೂಚಿಯಲ್ಲಿ ಸುಮಾರು 118 ಡಿಗ್ರಿ. ಚಾಪೆ ನಾವೇ ಹಾಸಿಡುತ್ತೇವೆ. ರೋಜಾ ಇರುವವರು ಬುಧವಾರದೊಳಗೆ ಹೆಸರು ಕೊಡಿ, ಊಟದ ಡಬ್ಬಿ ಕಟ್ಟಿಸಿ ಕೊಡುತ್ತೇವೆ. ಬಿಸಿಬೇಳೆಬಾತಿಗೆ ತುಪ್ಪ ತರುವವರು ಇನ್ನೂ ಸಿಕ್ಕಿಲ್ಲ. ಗ್ರಂಥಾಲಯದ ಪುಸ್ತಕ ಅಂದೇ ಹಿಂದಿರುಗಿಸಿ. ಕನ್ನಡ ಕಲಿ ಜುಲೈ ಪೂರ್ತಿ ರಜೆ, ಆಗಸ್ಟಿನಲ್ಲಿ ಮತ್ತೆ ಶುರು.

ಆ ರಾತ್ರಿ ಹತ್ತೂವರೆವರೆಗೆ ಸಭಾಂಗಣದ ಬೀಗದ ಕೈ ಇಟ್ಟುಕೊಂಡು, ಡಬ್ಬಿ ಬಿಸಿ ಮಾಡಿಕೊಡಲು ಇಬ್ಬರು ಬೇಕು. ಹಾಗೆಯೇ ಈ ಪತ್ರಿಕೆಯ ಪುಟ ಜೋಡಿಸಲು ಒಬ್ಬರಾದರೂ ಬನ್ನಿ. ಎರಡು ವರ್ಷದಿಂದ ಇಬ್ಬರೇ ಮಾಡುತ್ತಿದ್ದೇವೆ, ಅವರಲ್ಲೊಬ್ಬರು ಸೆಪ್ಟೆಂಬರಿನಲ್ಲಿ ಊರಿಗೆ ಹೊರಟಿದ್ದಾರೆ.