ಪದಕದ ಅಂಚು ನೋಡು, ಆಮೇಲೆ ಮುಖ

ಗಂಜಾಂ, ಶ್ರೀರಂಗಪಟ್ಟಣ

ಚಿ. ರಘುವಿಗೆ ದೊಡ್ಡಪ್ಪನ ಆಶೀರ್ವಾದಗಳು.

ನೀನು ಕಳಿಸಿದ ಫೋಟೊ ನೋಡಿದೆ. ಬರ್ಮಿಂಗ್‌ಹ್ಯಾಮಿನ ಹಳೇ ಸಾಮಾನಿನ ಅಂಗಡಿಯಲ್ಲಿ ನಮ್ಮೂರಿನ ಪದಕ ಸಿಕ್ಕಿದೆ, ಕೊಳ್ಳಲೋ ಬೇಡವೋ ಅಂತ ಕೇಳಿದ್ದೀಯ. ಅದು ಹುಟ್ಟಿದ್ದೂ ಆ ಊರಿನಲ್ಲೇ ಕಣೋ. 1799ರ ಮೇ 4ರಂದು ಟಿಪ್ಪುವಿನ ಕೋಟೆ ಬಿದ್ದ ಮೇಲೆ ಈಸ್ಟ್ ಇಂಡಿಯಾ ಕಂಪನಿಯವರು ತಮ್ಮ ಸೈನಿಕರಿಗೆ ಕೊಡಲೆಂದು ಮ್ಯಾಥ್ಯೂ ಬೋಲ್ಟನ್ನನ ಸೋಹೊ ಟಂಕಸಾಲೆಯಲ್ಲಿ ಅಚ್ಚು ಹಾಕಿಸಿದ್ದು.

ಇಂಗ್ಲಿಷರ ಸಿಂಹ ಟಿಪ್ಪುವಿನ ಹುಲಿಯನ್ನು ಕೆಡವಿಕೊಂಡಿರುವ ಮುಖ ನೋಡಿ ಹೊಟ್ಟೆ ಉರಿಯಿತು ಅಂದೆ. ಉರಿಯಲಿ, ಉರಿಸಲೆಂದೇ ಕೊರೆದದ್ದು. ನಾನು ಹಿಂಬದಿಯನ್ನೇ ಹೆಚ್ಚು ಹೊತ್ತು ನೋಡಿದೆ. ಗೋಡೆಗೆ ನುಗ್ಗುತ್ತಿರುವ ಸೈನಿಕರ ನೆತ್ತಿಯ ಮೇಲೆ ಒಬ್ಬ ಸೂರ್ಯ ಇದ್ದಾನಲ್ಲ, ಅವನು ಅಲಂಕಾರಕ್ಕಲ್ಲ. ದಾಳಿ ನಡೆದದ್ದು ಮಟಮಟ ಮಧ್ಯಾಹ್ನ. ಮೇ ತಿಂಗಳ ಆ ಹೊತ್ತಿನಲ್ಲಿ ಇಲ್ಲಿ ನಾಯಿಯೂ ನೆರಳು ಬಿಟ್ಟು ಏಳುವುದಿಲ್ಲ.

ಅಚ್ಚು ಒಂದೇ, ಲೋಹ ಮಾತ್ರ ಐದು. ದೊಡ್ಡ ಸಾಹೇಬರಿಗೆ ಚಿನ್ನ, ಆಮೇಲೆ ಚಿನ್ನದ ನೀರು ಕೊಟ್ಟ ಬೆಳ್ಳಿ, ಬರೀ ಬೆಳ್ಳಿ, ಕಂಚು; ಸಾಮಾನ್ಯ ಸಿಪಾಯಿಗೆ ತವರ. ಪಂಕ್ತಿಭೇದ ನಮ್ಮಲ್ಲಿ ಮಾತ್ರ ಅಂದುಕೊಂಡಿದ್ದೆಯಾ? ನಿನ್ನ ಅಂಗಡಿಯವನ ಬಳಿ ಇರುವುದೂ ತವರದ್ದೇ. ಅದು ಇಂಥ ಕ್ಯಾಪ್ಟನ್ನನದು ಅಂತ ಅವನು ಕಥೆ ಹೇಳಿದರೆ ನಂಬಬೇಡ. ಕ್ಯಾಪ್ಟನ್ನನಿಗೆ ತವರ ಯಾರು ಕೊಡುತ್ತಿದ್ದರು! ಈ ಪದಕದ ಮೇಲೆ ಹೆಸರು ಕೊರೆದು ಕೊಡುತ್ತಿರಲಿಲ್ಲ. ತೂಗುಹಾಕಲು ಬಳೆಯೂ ಇರಲಿಲ್ಲ, ಪಡೆದವರೇ ತಮಗೆ ತೋಚಿದಂತೆ ಹಾಕಿಸಿಕೊಂಡರು. ಪದಕಕ್ಕೆ ದುಡ್ಡು ಕೊಡು, ಕಥೆಗೆ ಕೊಡಬೇಡ.

ಇದಕ್ಕಿಂತ ಹಿಂದಿನದೊಂದಿದೆ, 1790–92ರ ಮೈಸೂರು ಯುದ್ಧದ್ದು. ಅದನ್ನು ಕೊಟ್ಟದ್ದು ಕಂಪನಿಯ ದೇಶೀ ಸೈನಿಕರಿಗೆ ಮಾತ್ರ. ಉರುಳಿಬಿದ್ದ ಫಿರಂಗಿಯ ಮೇಲೆ ಕಾಲಿಟ್ಟು ನಿಂತವನು ಒಬ್ಬ ಸಿಪಾಯಿ, ಅವನ ಹಿಂದೆ ನಮ್ಮ ಕೋಟೆ. ನನಗೆ ಸಿಂಹಕ್ಕಿಂತ ಹೆಚ್ಚು ಇರಿಯುವುದು ಆ ಚಿತ್ರ.

ಪದಕದ ಮೇಲೆ ಹೆಸರು ಹಾಕುವ ಪದ್ಧತಿ ಗಟ್ಟಿಯಾದದ್ದು ವಾಟರ್ಲೂ ಪದಕದಿಂದ. ನೆಪೋಲಿಯನ್ ಸೋತ 1815ರ ಆ ಯುದ್ಧಕ್ಕೆ ಬ್ರಿಟಿಷ್ ಸರ್ಕಾರ ಅಧಿಕಾರಿ, ಜವಾನ ಎನ್ನದೆ ಎಲ್ಲರಿಗೂ ಒಂದೇ ಬೆಳ್ಳಿ ಪದಕ ಕೊಟ್ಟಿತು, ಅಂಚಿನ ಮೇಲೆ ಪಡೆದವನ ಹೆಸರನ್ನೂ ಒತ್ತಿಸಿತು. ಹಾಗಂತ ನ್ಯಾಯ ನೆಟ್ಟಗಾಯಿತು ಅಂದುಕೊಳ್ಳಬೇಡ. 1803ರಲ್ಲಿ ಮರಾಠರೊಡನೆ ನಡೆದ ಯುದ್ಧದಿಂದ 1826ರ ತನಕದ ಕದನಗಳಿಗೆ 'ಆರ್ಮಿ ಆಫ್ ಇಂಡಿಯಾ' ಪದಕ ಮಂಜೂರಾದದ್ದು 1851ರಲ್ಲಿ! ಅಲ್ಲಿಯವರೆಗೆ ಬದುಕಿದ್ದವರಿಗೆ ಮಾತ್ರ. ನಮ್ಮ ಪಿಂಚಣಿ ಕಚೇರಿಗಳ ನೆನಪಾಗಿ ನಗು ಬಂತು.

ಇನ್ನು ತಿಕ್ಕುವ ವಿಷಯ. ಕೊಂಡ ಮೇಲೆ ಪಾಲಿಶ್ ಮಾಡಿಸುತ್ತೇನೆ ಅಂದೆಯಲ್ಲ, ಖಂಡಿತ ಬೇಡ. ನನ್ನ ತಾತ, ಅಂದರೆ ನಿನ್ನ ಮುತ್ತಾತ, ಮೈಸೂರು ಮಹಾರಾಜರ ಕುದುರೆ ದಂಡಾದ ಮೈಸೂರು ಲ್ಯಾನ್ಸರ್ಸ್‌ನಲ್ಲಿ ಸವಾರರಾಗಿದ್ದವರು. ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆ, ಈಗ ಇಸ್ರೇಲಿನಲ್ಲಿರುವ ಹೈಫಾ ಪಟ್ಟಣ ಹಿಡಿದರಲ್ಲ, ಆ ದಂಡು. ಅವರಿಗೆ ಬಂದ ಬೆಳ್ಳಿಯ 'ವಾರ್ ಮೆಡಲ್' ಮನೆಯಲ್ಲಿತ್ತು. ಒಂದು ಕಡೆ ಐದನೇ ಜಾರ್ಜ್, ಇನ್ನೊಂದು ಕಡೆ ಕುದುರೆಯೇರಿದ ಬರಿಮೈಯ ಸವಾರ. ನನಗಾಗ ಹತ್ತು ವರ್ಷ. ಗೌರಿ ಹಬ್ಬಕ್ಕೆ ಅಮ್ಮ ಬೆಳ್ಳಿ ಬಟ್ಟಲು ಬೆಳಗುತ್ತಿದ್ದಾಗ ನಾನೂ ಪದಕ ಹಿಡಿದು ಕೂತೆ. ವಿಭೂತಿ ಸಾಲದು ಅನ್ನಿಸಿ ತೆಂಗಿನ ನಾರಿಗೆ ಬೂದಿ ಹಚ್ಚಿ ಅಂಚನ್ನೂ ಬಿಡದೆ ತಿಕ್ಕಿದೆ. ಪದಕ ಫಳಫಳ ಹೊಳೆಯಿತು. ತಾತನ ನಂಬರೂ ಅರ್ಧ ಹೆಸರೂ ಹೋದವು. ಸಂಜೆ ಅಪ್ಪ ನೋಡಿದರು, ಬೈಯಲಿಲ್ಲ. ಬಟ್ಟೆಯಲ್ಲಿ ಸುತ್ತಿ ಬೀರುವಿಗೆ ಇಟ್ಟರು, ಅಷ್ಟೆ.

ಆದ್ದರಿಂದ ಇನ್ನು ಮುಂದೆ ನನಗೆ ರಾಜನ ತಲೆಯ ಫೋಟೊ ಕಳಿಸಬೇಡ, ಅಂಚಿನದು ಕಳಿಸು. ಒಬ್ಬನ ಮೂರು ಪದಕ ಒಟ್ಟಿಗಿದ್ದರೆ ಒಂದನ್ನು ಮಾತ್ರ ಎತ್ತಿಕೊಂಡು ಬರಬೇಡ.

ದಸರೆಗೆ ಬರುವಾಗ ಒಂದು ಒಳ್ಳೆಯ ಭೂತಗನ್ನಡಿ ತಾ. ಬೀರುವಿನಲ್ಲಿರುವುದರ ಮೇಲೆ 'ಮೈಸೂರು' ಅನ್ನುವುದರ ತನಕ ನಾನು ಓದಬಲ್ಲೆ. ಅದರ ಹಿಂದಿನ ಎರಡು ಅಕ್ಷರ ನಿನ್ನ ಕಣ್ಣಿಗೆ ಕಾಣಬಹುದು.

ಇಂತಿ,
ನಿನ್ನ ದೊಡ್ಡಪ್ಪ