ಸಕ್ಕರೆ ಡಬ್ಬಿ ಮುಚ್ಚಿಡು

ಚಿ. ಸುಹಾಸನಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ನಿನ್ನ ಕಾಗದ ಓದಿದೆ. ಬರೀ ಮಾಲ್ಟಿನಲ್ಲಿ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಮಾಡಿದ 20 ಲೀಟರ್ ಟ್ರಿಪೆಲ್, ಅಂದರೆ ಬೆಲ್ಜಿಯಂ ಶೈಲಿಯ ಸ್ಟ್ರಾಂಗ್ ಬಿಯರು, ಗ್ರಾವಿಟಿಯಲ್ಲಿ (ನೀರನ್ನು 1.000 ಎಂದಿಟ್ಟುಕೊಂಡು ಅಳೆಯುವ ಸಾಂದ್ರತೆ) 1.082ರಿಂದ ಹೊರಟು 1.022ಕ್ಕೆ ಬಂದು ಕೂತಿದೆ, ಬಾಯಿಗಿಟ್ಟರೆ ಅಂಟಂಟು, ಈಗ ಒಂದಿಷ್ಟು ಸಕ್ಕರೆ ಸುರಿದರೆ ಸಿಹಿ ಕಳೆದು ಡ್ರೈ ಆದೀತೇ ಅಂತ ಕೇಳಿದ್ದೀಯ. ಬೇಡ ಕಣೋ, ಡಬ್ಬಿ ಮುಚ್ಚಿಡು.

ಮಾಲ್ಟಿಗೆ ಬದಲಾಗಿ ಹಾಕಿದ ಸಕ್ಕರೆ ಬಿಯರನ್ನು ಡ್ರೈ ಮಾಡುತ್ತದೆ. ಮಾಲ್ಟು ಇದ್ದಷ್ಟೂ ಇರಲಿ ಅಂತ ಅದರ ಮೇಲೆ ಸುರಿದದ್ದು ಅಮಲನ್ನಷ್ಟೇ ಏರಿಸುತ್ತದೆ. ಲೆಕ್ಕ ಹಾಕಿ ನೋಡು. 1.080ರಿಂದ ಹೊರಟ ಬಿಯರಿನ 80 ಪಾಯಿಂಟೂ (0.001 ಅಂದರೆ ಒಂದು ಪಾಯಿಂಟು) ಮಾಲ್ಟಿನಿಂದಲೇ ಬಂದು, ಯೀಸ್ಟು ಅದರಲ್ಲಿ ನೂರಕ್ಕೆ 80 ಪಾಲು ತಿಂದರೆ 1.016ಕ್ಕೆ ನಿಲ್ಲುತ್ತದೆ. ಅದೇ 20 ಲೀಟರಿಗೆ 800 ಗ್ರಾಂ ಸಕ್ಕರೆ ಹಾಕಿ ಅಷ್ಟಕ್ಕೆ ತಕ್ಕ ಮಾಲ್ಟು ಕಡಿಮೆ ಮಾಡು: 15 ಪಾಯಿಂಟು ಸಕ್ಕರೆಯದು, 65 ಮಾಲ್ಟಿನದು. ಮಾಲ್ಟಿನದರಲ್ಲಿ 13 ಉಳಿಯುತ್ತದೆ. ಸಕ್ಕರೆಯನ್ನು ಯೀಸ್ಟು ಪೂರ್ತಿ ತಿಂದು ಮುಗಿಸುವುದಲ್ಲದೆ, ಅದರಿಂದ ಹುಟ್ಟಿದ ಆಲ್ಕೋಹಾಲು ನೀರಿಗಿಂತ ಹಗುರವಾದ್ದರಿಂದ ಗ್ರಾವಿಟಿ ಅಳೆಯುವ ಹೈಡ್ರೋಮೀಟರು ಇನ್ನೂ ಮೂರು ಪಾಯಿಂಟು ಕೆಳಗೆ ತೋರಿಸುತ್ತದೆ. 1.010. ವೆಸ್ಟ್‌ಮ್ಯಾಲೆ ಟ್ರಿಪೆಲ್ 9.5 ಪರ್ಸೆಂಟ್ ಇದ್ದರೂ, ಡೂವೆಲ್ 8.5 ಇದ್ದರೂ, ಬೆಲ್ಜಿಯಂನ ಈ ಎರಡು ಬಿಯರುಗಳು ಭಾರ ಅನ್ನಿಸದೆ ಇಳಿಯುವುದರ ಹಿಂದೆ ಈ ಸಕ್ಕರೆಯ ಪಾಲು ದೊಡ್ಡದು.

ನಿನ್ನ ಡ್ರಮ್ಮಿಗೆ ಈಗ 800 ಗ್ರಾಂ ಸುರಿದರೆ ಏನಾಗುತ್ತದೆ? ಮೀಟರು 1.019 ತೋರಿಸಿ ನಿನ್ನನ್ನು ಖುಷಿಪಡಿಸಬಹುದು. ಆದರೆ ಮಾಲ್ಟಿನ ಪಿಷ್ಟದಿಂದ ಬಂದ, ಯೀಸ್ಟು ತಿನ್ನಲಾರದ ಡೆಕ್ಸ್ಟ್ರಿನ್ ಒಂದು ಗ್ರಾಮೂ ಕಡಿಮೆಯಾಗಿರುವುದಿಲ್ಲ. ಸುಮಾರು 8 ಪರ್ಸೆಂಟ್ ಇದ್ದದ್ದು 10 ದಾಟಿ, ಅಂಟಿನ ಜೊತೆಗೆ ಗಂಟಲು ಸುಡುವುದೂ ಸೇರಿಕೊಳ್ಳುತ್ತದೆ.

ಮೊದಲು ತಪ್ಪು ಯಾರದು ಅಂತ ಗೊತ್ತುಮಾಡಿಕೋ. ಒಂದು ಲೋಟ ಬಿಯರ್ ತೆಗೆದು, ಅದಕ್ಕೆ ಒಣ ಯೀಸ್ಟು ಧಾರಾಳವಾಗಿ ಹಾಕಿ, ಬೆಚ್ಚಗಿನ ಜಾಗದಲ್ಲಿ ಎರಡು ಮೂರು ದಿನ ಇಡು. ಆಗಾಗ ಅಲ್ಲಾಡಿಸುತ್ತಿರು. ಅದು 1.014ಕ್ಕೋ 1.012ಕ್ಕೋ ಇಳಿದರೆ ಡ್ರಮ್ಮಿನ ಯೀಸ್ಟು ಸೋತಿದೆ ಎಂದರ್ಥ: ಡ್ರಮ್ಮನ್ನು 24-25 ಡಿಗ್ರಿಗೆ ತಂದು, ಬೇರೆ ಜಾಡಿಯಲ್ಲಿ ನೊರೆಯೆದ್ದು ಚುರುಕಾಗಿ ಹುದುಗುತ್ತಿರುವ ಹೊಸ ಯೀಸ್ಟು ಸೇರಿಸು. ಲೋಟದ್ದೂ 1.022ರಲ್ಲೇ ನಿಂತರೆ ಯೀಸ್ಟನ್ನು ಬೈಯಬೇಡ, ನಿನ್ನ ಮ್ಯಾಶ್ (ಮಾಲ್ಟನ್ನು ಬಿಸಿನೀರಿನಲ್ಲಿ ನೆನೆಸುವ ಹಂತ) ಹೆಚ್ಚು ಬಿಸಿಯಾಗಿ ಡೆಕ್ಸ್ಟ್ರಿನ್ ಜಾಸ್ತಿ ಉಳಿದಿದೆ. 69 ಡಿಗ್ರಿಯಲ್ಲಿ ಮಾಡಿದೆ ಅಂತ ನೀನೇ ಬರೆದಿದ್ದೀಯಲ್ಲ. ನನ್ನ ಅನುಮಾನ ಅದರ ಮೇಲೇ. ಮುಂದಿನ ಸಲ 64ರಲ್ಲಿ ಒಂದೂವರೆ ಗಂಟೆ ಬಿಡು. ಆತುರ ಬೇಡ.

ಸಕ್ಕರೆಯನ್ನು ಆಗಲೂ ಮೊದಲೇ ಹಾಕಬೇಡ. ಮಿಠಾಯಿ ತಿಂದ ಮಗು ಊಟ ಬೇಡ ಎನ್ನುವ ಹಾಗೆ ಯೀಸ್ಟು ಮಾಲ್ಟಿನದೇ ಸಕ್ಕರೆಯಾದ ಮಾಲ್ಟೋಸಿನ ಕಡೆ ತಿರುಗಲು ಸತಾಯಿಸುತ್ತದೆ. ಯೀಸ್ಟು ಹಾಕುವ ಮೊದಲು ಮಾಲ್ಟಿನ ರಸ ಕುದಿಸುವಾಗಲೇ ಸಕ್ಕರೆ ಹಾಕಿಯೂ ಒಳ್ಳೆಯ ಬಿಯರ್ ಮಾಡುವವರಿದ್ದಾರೆ, ಇಲ್ಲವೆನ್ನುವುದಿಲ್ಲ. ಆದರೂ ಇಷ್ಟು ಸ್ಟ್ರಾಂಗ್ ಬಿಯರಿಗೆ ನೊರೆ ಇಳಿಯಲು ಶುರುವಾದ ಮೇಲೆ ಎರಡು ಕಂತಿನಲ್ಲಿ ಹಾಕುವುದೇ ನನಗೆ ಸರಿ ಕಾಣುತ್ತದೆ. ಸ್ವಲ್ಪವೇ ನೀರಿನಲ್ಲಿ ಕುದಿಸಿ ಆರಿಸಿದ ಪಾಕವಾಗಿರಲಿ. ಹರಳಾಗಿಯೇ ಸುರಿದರೆ ಕರಗಿದ್ದ ಗ್ಯಾಸೆಲ್ಲ ಒಮ್ಮೆಲೇ ಎದ್ದು, ಬಿಯರು ಡ್ರಮ್ಮಿನ ಬಾಯಿಂದ ಉಕ್ಕಿ ನೆಲದ ಮೇಲಿರುತ್ತದೆ.

ದುಬಾರಿ ಬಿಳಿ ಕ್ಯಾಂಡಿ ಸಕ್ಕರೆಗೆ ದುಡ್ಡು ಹಾಕಬೇಡ. ಅದೂ ಅಡುಗೆಮನೆಯ ಸಕ್ಕರೆಯ ಹಾಗೆ ಸುಕ್ರೋಸೇ, ಒಡೆದು ತಿನ್ನುವುದು ಯೀಸ್ಟಿಗೆ ಗೊತ್ತು. ಕಪ್ಪು ಸಿರಪ್ಪಿನ ಮಾತು ಬೇರೆ. ಅದರ ಒಣದ್ರಾಕ್ಷಿಯಂಥ ರುಚಿ ಡಬಲ್ ಎಂಬ ಕಂದು ಬಣ್ಣದ ಬೆಲ್ಜಿಯಂ ಬಿಯರಿಗೆ ಬೇಕೇ ಬೇಕು.

ಗ್ರಾವಿಟಿ ನಿಲ್ಲುವ ತನಕ ಬಾಟಲಿಗೆ ತುಂಬಬೇಡ. ನಾಲ್ಕು ಪಾಯಿಂಟು ಬಾಕಿ ಇದ್ದರೂ ಸುಮಾರು ಎರಡು ವಾಲ್ಯೂಮ್ (ಬಿಯರಿನ ಅಳತೆಯ ಎರಡು ಪಟ್ಟು) ಗ್ಯಾಸು ಹೆಚ್ಚುವರಿ ಹುಟ್ಟುತ್ತದೆ. ಬಾಟಲಿಯಲ್ಲಿ ಗ್ಯಾಸು ಹುಟ್ಟಲೆಂದು ನೀನು ಪ್ರೈಮಿಂಗಿಗೆ ಹಾಕುವ ಸಕ್ಕರೆಯದು ಅದರ ಮೇಲೆ. ತೆಳು ಬಾಟಲಿ ಒಡೆದರೆ ಕಣ್ಣಿಗೇ ಅಪಾಯ. ಬೆಳಕು ಬಾಗುವುದನ್ನು ನೋಡಿ ಸಕ್ಕರೆ ಅಳೆಯುವ ರಿಫ್ರ್ಯಾಕ್ಟೋಮೀಟರನ್ನು ಈ ಹಂತದಲ್ಲಿ ನಂಬಬೇಡ, ಆಲ್ಕೋಹಾಲು ಸೇರಿದ ಮೇಲೆ ಅದು ನೇರವಾಗಿ ತೋರಿಸುವ ಅಂಕಿ ತಪ್ಪು.

ಲೋಟದ ಫಲಿತಾಂಶ ಬಂದ ಕೂಡಲೇ ಬರೆ. ಹೊಸ ಯೀಸ್ಟು ಎಷ್ಟು ಬೇಕೆಂದು ಆಮೇಲೆ ನೋಡೋಣ.

ಇಂತಿ,
ನಿನ್ನ ಮಾವ