ಮಗಳಿಗೊಂದು ಪತ್ರ: ದೇವರಿದ್ದೂ ಕೇಡು ಯಾಕೆ?

ತೀರ್ಥಹಳ್ಳಿ

ಪ್ರೀತಿಯ ಪುಟ್ಟಿ,

ಸಾಗರದ ಚರ್ಚಿನ ಯುವಜನ ಕೂಟದಲ್ಲಿ ಈ ಸಲ ಮಾತಾಡೋ ಪಾಳಿ ನಿನ್ನದು, ವಿಷಯ ‘ದೇವರು ಕೇಡನ್ನು ಯಾಕೆ ಬಿಟ್ಟಿದ್ದಾನೆ’ ಅಂದೆಯಲ್ಲ. ಒಂದು ಗಂಟೆಯಲ್ಲಿ ಮುಗಿಯೋ ವಿಷಯವಲ್ಲ. ಆದರೂ ಎಲ್ಲಿಂದ ಶುರು ಮಾಡಬೇಕು, ಎಲ್ಲಿ ಕಾಲು ಜಾರುತ್ತೆ ಅಂತ ಬರೆಯುತ್ತೇನೆ.

ಪ್ರಶ್ನೆಯನ್ನು ಮೆತ್ತಗೆ ಮಾಡಬೇಡ. ಬೋರ್ಡಿನ ಮೇಲೆ ಮೂರು ಸಾಲು ಬರೆ: ದೇವರು ಸರ್ವಶಕ್ತ. ದೇವರು ಒಳ್ಳೆಯವನು. ಆದರೂ ಕೇಡಿದೆ. ನಾಸ್ತಿಕರು ನಿನ್ನೆ ಮೊನ್ನೆ ಎತ್ತಿದ ತಕರಾರಲ್ಲ ಇದು. ಗ್ರೀಕ್ ತತ್ವಜ್ಞಾನಿ ಎಪಿಕ್ಯೂರಸನ ಹೆಸರಿನಲ್ಲಿ ಇದನ್ನು ನಾಲ್ಕನೇ ಶತಮಾನದ ಆರಂಭದಲ್ಲಿ ಬರೆದಿಟ್ಟವನೇ ಲ್ಯಾಕ್ಟಾನ್ಶಿಯಸ್ ಅನ್ನೋ ಕ್ರೈಸ್ತ. 1955ರಲ್ಲಿ ಜೆ. ಎಲ್. ಮ್ಯಾಕಿ ಅನ್ನೋ ನಾಸ್ತಿಕ ತತ್ವಜ್ಞಾನಿ ಈ ಮೂರನ್ನೂ ಒಟ್ಟಿಗೆ ನಂಬುವುದು ತರ್ಕಕ್ಕೇ ವಿರುದ್ಧ ಎಂದ. 1974ರಲ್ಲಿ ಕ್ರೈಸ್ತ ತತ್ವಜ್ಞಾನಿ ಆಲ್ವಿನ್ ಪ್ಲಾಂಟಿಂಗ ಕೊಟ್ಟ ಉತ್ತರ ಹೀಗೆ: ತಾವಾಗಿ ಒಳ್ಳೆಯದನ್ನು ಆರಿಸಿಕೊಳ್ಳುವ ಮನುಷ್ಯರು ಬೇಕೆಂದರೆ, ಅವರು ಕೆಟ್ಟದ್ದನ್ನೂ ಆರಿಸಿಕೊಳ್ಳಬಹುದು. ಆರಿಸೋಕೆ ಬಿಟ್ಟು, ಇಂಥದ್ದನ್ನೇ ಆರಿಸುವಂತೆ ಒತ್ತಾಯವನ್ನೂ ಮಾಡೋದು ಅರ್ಥವಿಲ್ಲದ ಮಾತು. ಸರ್ವಶಕ್ತನಿಂದಲೂ ಅದನ್ನು ಕೇಳುವಂತಿಲ್ಲ. ಇಲ್ಲೊಂದು ಎಚ್ಚರ. ದೇವರ ಕಾರಣ ಇದೇ ಅಂತ ಪ್ಲಾಂಟಿಂಗ ಹೇಳಲಿಲ್ಲ. ಇಂಥ ಕಾರಣ ಇರಲು ಸಾಧ್ಯ, ಹಾಗಾಗಿ ಆ ಮೂರು ಸಾಲು ಒಂದನ್ನೊಂದು ಹೊಡೆಯೋದಿಲ್ಲ ಅಂದ, ಅಷ್ಟೇ. ಕೂಟದಲ್ಲಿ ಇದನ್ನೇ ಪೂರ್ತಿ ವಿವರಣೆ ಅಂತ ಮಾರಬೇಡ.

ಯಾಕೆಂದರೆ ಹಿಂದಿನ ಬೆಂಚಿನಿಂದ ಯಾರಾದರೂ ಕೇಳಿಯೇ ಕೇಳುತ್ತಾರೆ: ಉಣುಗಿಗೆ ಯಾವ ಸ್ವಾತಂತ್ರ್ಯ? ನಮ್ಮ ಕಡೆಯ ಮಕ್ಕಳಿಗೆ ಇದು ಪುಸ್ತಕದ ಉದಾಹರಣೆ ಅಲ್ಲ. ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ 1957ರಲ್ಲಿ ಗುರುತಾಗಿದ್ದು ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. 2019ರಲ್ಲಿ ಸಾಗರದ ಅರಳಗೋಡಿನಲ್ಲಿ ಅದರಿಂದ ಜನ ಸತ್ತರು. ಕಾಡಿಗೆ ದರಗು (ಒಣಗಿದ ಎಲೆ) ತರಲು ಹೋದವಳು ಯಾರ ಪಾಪಕ್ಕೆ ಮಲಗಿದಳು? ಇದರಲ್ಲೂ ಮನುಷ್ಯನ ಪಾಲು ಸ್ವಲ್ಪ ಇದೆ ಅನ್ನು: ಕಾಡು ಕಡಿದು ಅಂಚಿನಲ್ಲಿ ದನ ಮೇಯಿಸಿದರೆ ಉಣುಗೂ ಹೆಚ್ಚುತ್ತೆ, ಮನುಷ್ಯನಿಗೆ ಹತ್ತುವುದೂ ಹೆಚ್ಚುತ್ತೆ. ಆದರೆ ಅಲ್ಲಿಗೆ ನಿಲ್ಲಿಸಿದರೆ ಮೋಸ. ವೈರಸ್ಸನ್ನು ಕಾಡು ಕಡಿದವರು ಮಾಡಲಿಲ್ಲ. ರೋಗವೆಲ್ಲ ಆದಾಮನ ಪಾಪದಿಂದ ಬಂತು ಅಂದರೆ, ಮನುಷ್ಯ ಹುಟ್ಟುವ ಎಷ್ಟೋ ಮೊದಲೇ ಪ್ರಾಣಿಗಳು ರೋಗದಿಂದ ಸತ್ತಿದ್ದಕ್ಕೆ ಪಳೆಯುಳಿಕೆಗಳಿವೆಯಲ್ಲ ಅಂತ ವಿಜ್ಞಾನ ಓದಿದವರು ಕೇಳುತ್ತಾರೆ. ದೆವ್ವಗಳ ಕೈವಾಡ ಇರಬಹುದು ಅಂತ ಪ್ಲಾಂಟಿಂಗ ತರ್ಕದ ಒಂದು ಸಾಧ್ಯತೆಯಾಗಿ ಎತ್ತಿದ್ದುಂಟು, ನೀನು ಎತ್ತಬೇಡ. ಅದನ್ನು ಕೇಳಿ ಯಾರಾದರೂ ಜ್ವರ ಬಂದವರನ್ನು ಆಸ್ಪತ್ರೆ ಬಿಟ್ಟು ದೆವ್ವ ಬಿಡಿಸುವವರ ಹತ್ತಿರ ಕರೆದುಕೊಂಡು ಹೋದಾರು. ಇಡೀ ಸೃಷ್ಟಿ ನರಳುತ್ತಿದೆ, ಬಿಡುಗಡೆಗೆ ಕಾಯುತ್ತಿದೆ ಅಂತ ಅಪೊಸ್ತಲ ಪೌಲ ರೋಮಾಪುರದವರಿಗೆ ಬರೆದ ಪತ್ರದ 8ನೇ ಅಧ್ಯಾಯದಲ್ಲಿ ಹೇಳುತ್ತಾನೆ. ನನ್ನ ಮಟ್ಟಿಗೆ ಅಷ್ಟೇ ಹೇಳಿ, ಉಳಿದದ್ದು ಬಗೆಹರಿದಿಲ್ಲ ಅಂತ ಒಪ್ಪಿಕೊಳ್ಳುವುದೇ ಸರಿ.

ಹಳೆಯ ಕಾಲದ ಕ್ರೈಸ್ತ ಪಂಡಿತ ಅಗಸ್ಟೀನನ ಬಗ್ಗೆ ಕೇಳುವವರೂ ಇರುತ್ತಾರೆ. ಕೇಡು ಅನ್ನೋದು ದೇವರು ಸೃಷ್ಟಿಸಿದ ವಸ್ತುವಲ್ಲ, ಒಳ್ಳೆಯದರ ಕೊರತೆ ಅಂದವನು ಅವನು. ಗೆದ್ದಲು ತಿಂದ ತೊಲೆಯ ಪೊಳ್ಳು ಇದ್ದಹಾಗೆ. ತೊಲೆ ಇಲ್ಲದೆ ಪೊಳ್ಳಿಲ್ಲ. ಕೆಟ್ಟ ದೇವರೊಬ್ಬ ಬೇರೆಯೇ ಇದ್ದಾನೆ ಅನ್ನುವವರಿಗೆ ಒಳ್ಳೆಯ ಉತ್ತರ. ನೋವಿನಲ್ಲಿರುವವರಿಗೆ ಕೆಟ್ಟ ಉತ್ತರ.

ಅತಿ ಹೆಚ್ಚು ಹೊತ್ತು ಕೊಡಬೇಕಾದ್ದು ಬೈಬಲಿಗೆ, ಅದರಲ್ಲೂ ಅದು ತಳ್ಳಿಹಾಕುವ ಉತ್ತರಗಳಿಗೆ. ಯೋಬನ ಪುಸ್ತಕದಲ್ಲಿ ಅವನ ಗೆಳೆಯರಾದ ಎಲೀಫಜ, ಬಿಲ್ದದ, ಚೋಫರರು ಏಳು ದಿನ ಏಳು ರಾತ್ರಿ, ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನ ಜೊತೆ ನೆಲದ ಮೇಲೆ ಬಾಯಿ ಬಿಡದೆ ಕೂತರು. ಅವರು ಮಾಡಿದ ಸರಿಯಾದ ಕೆಲಸ ಅದೊಂದೇ. ಆಮೇಲೆ ಅಧ್ಯಾಯಗಟ್ಟಲೆ ‘ನೀನೇನೋ ಪಾಪ ಮಾಡಿದ್ದೀಯ’ ಅಂದರು. 42ನೇ ಅಧ್ಯಾಯದಲ್ಲಿ ದೇವರು ಸಿಟ್ಟಾಗುವುದು ಅವರ ಮೇಲೆ, ಕೂಗಾಡಿದ ಯೋಬನ ಮೇಲಲ್ಲ. ಲೂಕನ ಸುವಾರ್ತೆಯ 13ನೇ ಅಧ್ಯಾಯದಲ್ಲಿ ಎರಡು ಸಾವು ಪಕ್ಕಪಕ್ಕ ಇವೆ: ರೋಮನ್ ಅಧಿಪತಿ ಪಿಲಾತ ಕೊಲ್ಲಿಸಿದ ಗಲಿಲಾಯದವರು, ಸಿಲೋವದ ಬುರುಜು ಬಿದ್ದು ಸತ್ತ 18 ಮಂದಿ. ಒಂದು ಮನುಷ್ಯ ಮಾಡಿದ ಕೇಡು, ಇನ್ನೊಂದು ಅವಘಡ. ಸತ್ತವರು ಉಳಿದವರಿಗಿಂತ ಪಾಪಿಗಳೋ? ಅಲ್ಲ ಅನ್ನುತ್ತಾನೆ ಯೇಸು, ಎರಡಕ್ಕೂ. ಯೋಹಾನನ ಸುವಾರ್ತೆಯ 9ನೇ ಅಧ್ಯಾಯದ ಹುಟ್ಟುಕುರುಡನ ವಿಷಯದಲ್ಲೂ ಅದೇ. ಪ್ರಾರಬ್ಧ, ಹಣೆಬರಹ ಅನ್ನುವ ಅಕ್ಕಪಕ್ಕದವರನ್ನು ಇಲ್ಲಿ ಹೀಯಾಳಿಸಬೇಡ; ನಮ್ಮವರು ‘ದೇವರ ಚಿತ್ತ’ ಅಂದುಬಿಡೋದು ಎಷ್ಟೋ ಸಲ ಅದೇ ಮಾತು, ಬೇರೆ ಹೆಸರಲ್ಲಿ.

ಸಾವಿನ ಮನೆಯಲ್ಲಿ ತಪ್ಪಾಗಿ ಬಳಕೆಯಾಗುವ ವಾಕ್ಯ ಆದಿಕಾಂಡ 50:20. ನೀವು ಕೇಡು ಬಗೆದಿರಿ, ದೇವರು ಅದನ್ನು ಒಳ್ಳೆಯದಕ್ಕೆ ತಿರುಗಿಸಿದ ಅನ್ನುವುದು. ಅದನ್ನು ಹೇಳಿದ್ದು ಯೋಸೇಫ, ತನ್ನನ್ನು ಗುಂಡಿಗೆ ತಳ್ಳಿ ಮಾರಿದ ಅಣ್ಣಂದಿರಿಗೆ, ತನ್ನದೇ ನೋವಿನ ಬಗ್ಗೆ, ಎಷ್ಟೋ ವರ್ಷದ ಮೇಲೆ. ಅವನು ಗುಂಡಿಯಲ್ಲಿದ್ದಾಗ ಮೇಲೆ ನಿಂತು ಯಾರೂ ಅವನಿಗೆ ಹೇಳಲಿಲ್ಲ. ‘ದೇವರಿಗೆ ಕಾರಣ ಇರುತ್ತೆ, ನಮಗೆ ಕಾಣಲ್ಲ’ ಅನ್ನುವುದಕ್ಕೂ ಮಿತಿ ಇದೆ. ಅದನ್ನು ಎಳೆದಷ್ಟೂ ಎಳೆದರೆ, ಕಾಯಿಲೆಗೆ ಮದ್ದು ಮಾಡುವುದೂ ದೇವರ ಕೆಲಸಕ್ಕೆ ಅಡ್ಡಿ ಅನ್ನುವಲ್ಲಿಗೆ ಮುಟ್ಟುತ್ತೆ. ಯೇಸು ಮಾಡಿದ್ದು ತದ್ವಿರುದ್ಧ: ರೋಗಿ ಎದುರಿಗೆ ಬಂದರೆ ವಾಸಿ ಮಾಡಿದ. ಸತ್ತ ಗೆಳೆಯ ಲಾಜರನನ್ನು ಎಬ್ಬಿಸುತ್ತೇನೆ ಅಂತ ಗೊತ್ತಿದ್ದೂ ಅತ್ತ. ಶಿಲುಬೆಯ ಮೇಲೆ ‘ಯಾಕೆ ಕೈಬಿಟ್ಟೆ’ ಅಂತ ತಾನೇ ಕೇಳಿದ, ಅಲ್ಲೂ ಉತ್ತರ ಕೇಳಿಬರಲಿಲ್ಲ. ಮೂರನೆಯ ದಿನ ಬಂದದ್ದು ವಿವರಣೆಯಲ್ಲ, ಎದ್ದುಬಂದ ಯೇಸು. ಕ್ರೈಸ್ತರ ಹತ್ತಿರ ಇರುವ ಉತ್ತರದ ಮುಖ್ಯ ಭಾಗ ಇದು. ಪುನರುತ್ಥಾನವನ್ನು ಬಿಟ್ಟು ಬರೀ ಸ್ವಾತಂತ್ರ್ಯದ ವಾದ ಹೇಳಿದರೆ ತತ್ವಶಾಸ್ತ್ರದ ಪಾಠ ಆಗುತ್ತೆ.

ಕೂಟಕ್ಕೆ ಬರುವವರಲ್ಲಿ ಈಚೆಗೆ ಮನೆಯಲ್ಲಿ ಸಾವು ಕಂಡವರು ಇದ್ದಾರಾ ಅಂತ ಸಭಾಪಾಲಕರನ್ನು ಮೊದಲೇ ಕೇಳಿಕೋ. ಇದ್ದರೆ ಅವರಿಗೆ ಮುಂಚೆಯೇ ವಿಷಯ ತಿಳಿಸು. ಬರದಿದ್ದರೂ ಬೇಜಾರಿಲ್ಲ ಅನ್ನು. ತರ್ಕದ ಭಾಗಕ್ಕೆ 20 ನಿಮಿಷ ಮೀರದಿರಲಿ. ಕೊನೆಗೆ ಕೀರ್ತನೆ 88 ಓದಿಸು. ಅದು ಕತ್ತಲೆಯಲ್ಲೇ ಮುಗಿಯುತ್ತೆ ಅಂತ ಓದುವವರು ತಾವಾಗಿ ಸಮಾಧಾನ ಹೇಳುವ 23ನೇ ಕೀರ್ತನೆ ಸೇರಿಸಲು ಹೊರಡುತ್ತಾರೆ, ಬೇಡ ಅಂತ ಮೊದಲೇ ಹೇಳಿಡು.

ನಿನ್ನ,
ಅಪ್ಪ